ಹುಲ್ಲು ಕತ್ತರಿಸುವ ಯಂತ್ರ: ಹೆಚ್ಚು ಬೆಲೆ ಕೊಟ್ಟರೂ ನಿರಾಶೆ ಏಕೆ?

ತೋಟದ ಬೇಸಾಯದಲ್ಲಿ ಕಳೆಯ ಹತೋಟಿ ವರ್ಷವಿಡೀ ಮುಗಿಯದ ಕೆಲಸ. ಮುಂಗಾರು ಮಳೆ ಬಿದ್ದ ಹದಿನೈದು ದಿನಗಳಲ್ಲಿ ಮರಗಳ ಸಾಲಿನ ನಡುವೆ ಹುಲ್ಲು ಮೊಣಕಾಲೆತ್ತರ ಬೆಳೆದು ನಿಲ್ಲುತ್ತದೆ. ಕುಡುಗೋಲು ಹಿಡಿಯುವ ಆಳುಗಳು ಸಕಾಲಕ್ಕೆ ಸಿಗುವುದಿಲ್ಲ. ಸಿಕ್ಕರೂ ಕೂಲಿ ದುಬಾರಿ. ಇಂಥ ಸಂದರ್ಭದಲ್ಲಿ ರೈತರು ಯಂತ್ರಗಳ ಕಡೆ ಮನಸ್ಸು ಮಾಡುವುದು ಸಹಜ. ಹೀಗೆ ಕೊಳ್ಳುವ ಯಂತ್ರಗಳಲ್ಲಿ, ಹಿಂದೆ ನಡೆಯುತ್ತಾ ನಡೆಸುವ ಹುಲ್ಲು ಕತ್ತರಿಸುವ ಯಂತ್ರವೂ ಒಂದು. ಪಟ್ಟಣಗಳಲ್ಲಿ ಇದನ್ನು ಲಾನ್ ಮೋವರ್ ಎಂದು ಕರೆಯುತ್ತಾರೆ. ಕೊಂಡವರಲ್ಲಿ ಕೆಲವರಿಗೆ ಇದು ತೃಪ್ತಿ ಕೊಟ್ಟಿದೆ. ಆದರೆ ತೋಟಕ್ಕೆಂದು ಕೊಂಡ ಇಂಥ ಯಂತ್ರ ಒಂದೇ ಮಳೆಗಾಲ ದುಡಿದು ಕೊಟ್ಟಿಗೆಯ ಮೂಲೆ ಸೇರುವುದೂ ಉಂಟು. ಹೀಗೇಕಾಗುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಅರಿತುಕೊಳ್ಳುವುದು ಅವಶ್ಯಕ.

ಒಂದು ಉದಾಹರಣೆ

ತುಮಕೂರು, ಹಾಸನ ಸೀಮೆಯಲ್ಲಿ ಮೂರು ಎಕರೆ ತೆಂಗಿನ ತೋಟವಿರುವ ಒಬ್ಬ ರೈತರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇವರು ಪಟ್ಟಣದ ಬಂಗಲೆಯೊಂದರ ಅಂಗಳದಲ್ಲಿ ಲಾನ್ ಮೋವರ್ ಓಡುವುದನ್ನು ನೋಡುತ್ತಾರೆ. ಯಂತ್ರ ಹೋದ ದಾರಿಯೆಲ್ಲ ರತ್ನಗಂಬಳಿ ಹಾಸಿದಂತೆ ಕಾಣುತ್ತದೆ. ಅಂಗಡಿಯಲ್ಲಿ ವಿಚಾರಿಸಿ, ಅಗ್ಗದ್ದು ಬೇಡವೆಂದು ಎಲ್ಲಕ್ಕಿಂತ ಹೆಚ್ಚು ಬೆಲೆಯದನ್ನೇ ಆರಿಸುತ್ತಾರೆ. ಕೊಬ್ಬರಿ ಮಾರಿದ ಹಣ ಸಾಲದೆ ಸಹಕಾರ ಸಂಘದಲ್ಲಿ ಒಂದಿಷ್ಟು ಸಾಲವನ್ನೂ ಮಾಡುತ್ತಾರೆ.

ಮಳೆ ಬಂದು ಹುಲ್ಲು ಚೆನ್ನಾಗಿ ಬೆಳೆದ ಮೇಲೆ ಯಂತ್ರವನ್ನು ತೋಟಕ್ಕಿಳಿಸಿದರೆ ಹತ್ತು ಮಾರು ಹೋಗುವಷ್ಟರಲ್ಲಿ ಎಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ಕವಚದ ಒಳಗೆಲ್ಲ ಹಸಿ ಹುಲ್ಲು ಮೆತ್ತಿಕೊಂಡಿರುತ್ತದೆ. ಕೆರೆದು ತೆಗೆದು ಮತ್ತೆ ಚಾಲೂ ಮಾಡಿದರೆ ಮತ್ತೆ ಅದೇ ಕಥೆ. ಪಾತಿಯ ಅಂಚಿನಲ್ಲಿ ಚಕ್ರಗಳು ಹೂತುಕೊಳ್ಳುತ್ತವೆ. ನಾಲ್ಕನೆಯ ದಿನ ಹುಲ್ಲಿನೊಳಗೆ ಬಿದ್ದಿದ್ದ ತೆಂಗಿನ ಹೆಡೆಮಟ್ಟೆಗೆ ಅಲಗು ಬಡಿದು, ಅಂದಿನಿಂದ ಯಂತ್ರ ಕೈಯಲ್ಲಿ ನಿಲ್ಲದಷ್ಟು ನಡುಗತೊಡಗುತ್ತದೆ.

ಅಂಗಡಿಯವರು ಬಿಚ್ಚಿ ನೋಡಿ, "ಪೆಟ್ಟು ಬಿದ್ದು ಕ್ರ್ಯಾಂಕ್ ಶಾಫ್ಟ್ ಬಾಗಿದೆ ಯಜಮಾನ್ರೇ, ಇದು ಗ್ಯಾರಂಟಿಗೆ ಬರೋದಿಲ್ಲ" ಎನ್ನುತ್ತಾರೆ. "ದುಡ್ಡು ಜಾಸ್ತಿ ಕೊಟ್ರೆ ಗಟ್ಟಿಯಾಗಿರುತ್ತೆ ಅಂತಲೇ ಅಲ್ವೇನಪ್ಪಾ ಇದನ್ನ ತಗೊಂಡಿದ್ದು?" ಎಂಬ ರೈತರ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ. ಇಲ್ಲಿ ನಷ್ಟವಾಗುವುದು ಯಂತ್ರದ ಬೆಲೆ ಮಾತ್ರವಲ್ಲ. ಒಮ್ಮೆ ಕೈ ಸುಟ್ಟುಕೊಂಡ ರೈತರು ಎಲ್ಲ ಸಣ್ಣ ಯಂತ್ರಗಳ ಮೇಲೂ ನಂಬಿಕೆ ಕಳೆದುಕೊಳ್ಳುತ್ತಾರೆ. ಬೇಸತ್ತು, ಬುಡದ ಬೇರುಗಳು ಕತ್ತರಿಸಿಹೋಗುವಂತೆ ತೋಟವನ್ನೆಲ್ಲ ಟ್ರಾಕ್ಟರಿನಿಂದ ಆಳವಾಗಿ ಉಳಿಸುತ್ತಾರೆ. ತೆಂಗಿನ ಬೇರುಗಳಲ್ಲಿ ಹೆಚ್ಚಿನ ಪಾಲು ಬುಡದಿಂದ ಸುಮಾರು 2 ಮೀಟರ್ ದೂರದೊಳಗೇ ಇರುವುದರಿಂದ ಇದರ ಪೆಟ್ಟು ಇಳುವರಿಯ ಮೇಲೆ ಬೀಳುತ್ತದೆ.

ಯಂತ್ರ ಹುಟ್ಟಿದ್ದು ಯಾವುದಕ್ಕೆ?

ಈ ಯಂತ್ರದ ಮೂಲವನ್ನು ತಿಳಿದರೆ ಅರ್ಧ ಉತ್ತರ ಸಿಕ್ಕಂತೆ. ಇಂಗ್ಲೆಂಡಿನ ಸ್ಟ್ರೌಡ್ ಪ್ರದೇಶದ ಎಡ್ವಿನ್ ಬಡ್ಡಿಂಗ್ ಎಂಬ ಕುಶಲಕರ್ಮಿ 1830ರಲ್ಲಿ ಮೊದಲ ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಉಣ್ಣೆ ಬಟ್ಟೆಯ ಮೇಲೆದ್ದ ನವಿರನ್ನು ಸಮವಾಗಿ ಕತ್ತರಿಸಲು ಗಿರಣಿಗಳಲ್ಲಿ ಬಳಸುತ್ತಿದ್ದ ಯಂತ್ರವೇ ಅವನಿಗೆ ಮಾದರಿ. ಎಂದರೆ, ಆಗಲೇ ಸಮವಾಗಿರುವ ಹಾಸನ್ನು ಇನ್ನಷ್ಟು ಸಮ ಮಾಡುವುದು ಈ ಯಂತ್ರದ ಹುಟ್ಟುಗುಣ. ಈಗ ಹೆಚ್ಚಾಗಿ ಮಾರಾಟವಾಗುವುದು ಎಂಜಿನ್ ಕೆಳಗೆ ಒಂದೇ ಅಲಗು ಅಡ್ಡಲಾಗಿ ತಿರುಗುವ ಬಗೆ. ಇದು ಹಳೆಯ ಉರುಳೆ ಬಗೆಗಿಂತ ಒರಟು ಹುಲ್ಲನ್ನು ತಡೆಯುತ್ತದೆಯಾದರೂ, ಇದನ್ನೂ ರೂಪಿಸಿರುವುದು ಕಲ್ಲು, ಕಡ್ಡಿ ಇಲ್ಲದ, ವಾರ ಎರಡು ವಾರಕ್ಕೊಮ್ಮೆ ಕತ್ತರಿಸುವ ಅಂಗಳಕ್ಕಾಗಿಯೇ.

ಹೆಚ್ಚು ಬೆಲೆ ಕೊಟ್ಟಾಗ ಸಿಗುವ ಹೆಚ್ಚುವರಿ ಸೌಲಭ್ಯಗಳನ್ನು ಗಮನಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ತಾನೇ ಮುಂದೆ ಸರಿಯುವ ಚಕ್ರ, ಗುಂಡಿ ಒತ್ತಿದರೆ ಚಾಲೂ ಆಗುವ ಎಂಜಿನ್, ಕತ್ತರಿಸಿದ ಹುಲ್ಲು ತುಂಬುವ ಚೀಲ ಇವೇ ಮುಖ್ಯವಾದವು. ಸರಿಯುವ ಚಕ್ರ ಗಟ್ಟಿ ನೆಲದಲ್ಲಿ ಶ್ರಮ ಉಳಿಸುತ್ತದೆ. ಸಡಿಲ ಒದ್ದೆ ಮಣ್ಣಿನಲ್ಲಿ ಜಾರುತ್ತದೆ. ಹುಲ್ಲಿನ ಚೀಲವಂತೂ ತೋಟಕ್ಕೆ ಬೇಕಿಲ್ಲ. ತೋಟದಲ್ಲಿ ಕತ್ತರಿಸಿದ ಹುಲ್ಲು ಅಲ್ಲೇ ಬಿದ್ದು ಮುಚ್ಚಿಗೆಯಾಗಿ ತೇವ ಕಾಯಬೇಕು, ಕೊಳೆತು ಗೊಬ್ಬರವಾಗಬೇಕು. ಆದ್ದರಿಂದ ಉದಾಹರಣೆಯ ರೈತರು ಕೊಟ್ಟ ಹೆಚ್ಚಿನ ಹಣ ಅಂಗಳದ ಅನುಕೂಲಕ್ಕೆ ಹೋಯಿತೇ ಹೊರತು ತೋಟದ ಪೆಟ್ಟು ತಡೆಯುವ ಗಟ್ಟಿತನಕ್ಕೆ ಹೋಗಲಿಲ್ಲ.

ಅಗಲ ಮತ್ತು ನಡಿಗೆಯ ಲೆಕ್ಕ

ಯಾವುದೇ ಯಂತ್ರ ಗಂಟೆಗೆ ಎಷ್ಟು ನೆಲ ಮುಗಿಸುತ್ತದೆಂಬುದು ಮೂರು ಅಂಶಗಳನ್ನು ಅವಲಂಬಿಸಿದೆ: ಕತ್ತರಿಸುವ ಅಗಲ, ನಡೆಯುವ ವೇಗ, ಮತ್ತು ತಿರುವು, ನಿಲುಗಡೆ ಕಳೆದು ಉಳಿಯುವ ನಿಜವಾದ ಕೆಲಸದ ವೇಳೆ.

ಅಲಗಿನ ಅಗಲ ಅರ್ಧ ಮೀಟರ್ ಎಂದುಕೊಂಡರೆ, ಒಂದು ಎಕರೆ ಅಂದರೆ 4,047 ಚದರ ಮೀಟರ್ ನೆಲವನ್ನು ಮುಗಿಸಲು ಯಂತ್ರದ ಹಿಂದೆ 8 ಕಿಲೋಮೀಟರಿಗೂ ಮಿಗಿಲಾಗಿ ನಡೆಯಬೇಕು. ಚಿಕ್ಕ ಹುಲ್ಲಿನಲ್ಲಿ ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ನಡೆದು, ವೇಳೆಯ ಶೇಕಡಾ 70 ಭಾಗ ನಿಜವಾದ ಕೆಲಸಕ್ಕೆ ಸಿಕ್ಕರೆ, ಗಂಟೆಗೆ 1,050 ಚದರ ಮೀಟರ್ ಆಗುತ್ತದೆ. ಎಕರೆಗೆ ಸುಮಾರು 4 ಗಂಟೆ ಬೇಕು. ಹುಲ್ಲು ಎತ್ತರ ಬೆಳೆದು, ವೇಗ 2 ಕಿಲೋಮೀಟರಿಗೂ ಉಪಯುಕ್ತ ವೇಳೆ ಶೇಕಡಾ 60ಕ್ಕೂ ಇಳಿದರೆ, ಗಂಟೆಗೆ 600 ಚದರ ಮೀಟರ್ ಮಾತ್ರ. ಎಕರೆಗೆ ಆರೂಮುಕ್ಕಾಲು ಗಂಟೆ ಹಿಡಿಯುತ್ತದೆ. ಮೂರು ಎಕರೆ ತೋಟಕ್ಕೆ ಮೊದಲನೆಯ ರೀತಿಯಲ್ಲಿ 12 ಗಂಟೆ, ಎರಡನೆಯ ರೀತಿಯಲ್ಲಿ 20 ಗಂಟೆ.

30 ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 48 ಮರಗಳಿರುತ್ತವೆ. ಪ್ರತಿ ಮರದ ಪಾತಿಯನ್ನೂ ಸುತ್ತಿಕೊಂಡು ಹೋಗುವ ವೇಳೆಯನ್ನು ಬಂಗಲೆಯ ಅಂಗಳ ನೋಡಿದವರು ಎಣಿಸಿರುವುದಿಲ್ಲ. "ಯಂತ್ರ ನಿಧಾನ" ಎಂಬ ದೂರಿಗೆ ಅನೇಕ ವೇಳೆ ಈ ಲೆಕ್ಕವೇ ಕಾರಣ.

ನಿರಾಶೆಗೆ ಇತರ ಕಾರಣಗಳು

1. ಹುಲ್ಲು ಬಲಿತ ಮೇಲೆ ಕತ್ತರಿಸುವುದು: ಈ ಯಂತ್ರದಲ್ಲಿ ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದೆಂಬುದು ಒಪ್ಪಿತವಾದ ನಿಯಮ. ಮೊಣಕಾಲೆತ್ತರದ ಹುಲ್ಲನ್ನು ಒಮ್ಮೆಗೇ ಬುಡಕ್ಕೆ ಇಳಿಸಲು ಹೋದರೆ ಎಂಜಿನ್ ಎಷ್ಟು ಬಲವಾಗಿದ್ದರೂ ಉಸಿರು ಕಟ್ಟುತ್ತದೆ.

2. ಒದ್ದೆ ಹುಲ್ಲು: ಇಬ್ಬನಿ ಅಥವಾ ಮಳೆಯಿಂದ ತೊಯ್ದ ಹುಲ್ಲು ಕವಚದ ಒಳಮೈಗೆ ಅಂಟಿ ಗಾಳಿಯ ಓಟವನ್ನು ತಡೆಯುತ್ತದೆ. ಹುಲ್ಲು ನಿಮಿರಿ ನಿಂತು ಕತ್ತರಿಸಿಕೊಳ್ಳಲು ಈ ಗಾಳಿಯೇ ಬೇಕು. ಬಿಸಿಲೇರಿ ಎಲೆ ಒಣಗಿದ ಮೇಲೆ ಕೆಲಸ ಆರಂಭಿಸುವುದು ಒಳ್ಳೆಯದು.

3. ಮೊಂಡು ಅಲಗು: ಮೊಂಡಾದ ಅಲಗು ಹುಲ್ಲನ್ನು ಕತ್ತರಿಸದೆ ಹರಿಯುತ್ತದೆ, ಪೆಟ್ರೋಲು ಹೆಚ್ಚು ಸುಡುತ್ತದೆ. ಮಣ್ಣು, ಮರಳು ತಾಗುವ ತೋಟದಲ್ಲಿ ಅಲಗು ಅಂಗಳಕ್ಕಿಂತ ಬೇಗ ಮೊಂಡಾಗುತ್ತದೆ.

4. ಹಳೆಯ ಪೆಟ್ರೋಲು: ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇಕಡಾ 20ರ ಮಟ್ಟ ಮುಟ್ಟಿದೆ. ಎಥನಾಲ್ ತೇವವನ್ನು ಹೀರುವ ಗುಣದ್ದಾದ್ದರಿಂದ ವರ್ಷದಲ್ಲಿ ಕೆಲವೇ ದಿನ ಓಡುವ ಎಂಜಿನ್‌ಗಳಿಗೆ ಈ ಎಚ್ಚರಿಕೆ ಮೊದಲಿಗಿಂತ ಹೆಚ್ಚು ಅಗತ್ಯ.

5. ಕಳೆಯ ಸ್ವಭಾವ: ಗರಿಕೆ ಮತ್ತು ಜೇಕು ನೆಲದೊಳಗಿನ ಕಾಂಡ, ಗಡ್ಡೆಗಳಿಂದ ಮತ್ತೆ ಚಿಗುರುತ್ತವೆ. ಪಾರ್ಥೇನಿಯಂ ಕೂಡ ಬುಡದಿಂದ ಕವಲೊಡೆಯುತ್ತದೆ. ಮೇಲ್ಭಾಗವನ್ನು ಕತ್ತರಿಸುವ ಯಂತ್ರ ಇವನ್ನು ನಾಶ ಮಾಡುವುದಿಲ್ಲ. ಹೂ ಬಿಟ್ಟು ಬೀಜ ಕಟ್ಟದಂತೆ ತಡೆಯಬಲ್ಲದು, ಅಷ್ಟೇ. ಕಳೆ ಬೇರುಸಹಿತ ಹೋಗುತ್ತದೆಂದು ನಂಬಿ ಕೊಂಡವರಿಗೆ ನಿರಾಶೆ ಖಂಡಿತ.

ಎತ್ತು ಕೊಳ್ಳುವ ವಿವೇಕ ಇಲ್ಲಿಯೂ ಇರಲಿ

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನಮ್ಮ ರೈತರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ, ನೊಗ ಹೂಡಿಯೂ ನೋಡುತ್ತಾರೆ. ಕೊಂಬಿನ ಬಣ್ಣಕ್ಕೆ ಮರುಳಾಗಿ ಯಾರೂ ಜೋಡಿ ಕಟ್ಟಿಕೊಂಡು ಬರುವುದಿಲ್ಲ. ಯಂತ್ರದ ಅಂಗಡಿಯಲ್ಲಿ ಮಾತ್ರ ಈ ವಿವೇಕವನ್ನು ಮರೆಯುವುದುಂಟು. ಕೊಳ್ಳುವ ಮೊದಲು ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

(ಅ) ಮೊದಲು ತೋಟವನ್ನು ಅಳೆಯಬೇಕು: ಎಷ್ಟು ಎಕರೆ, ಇಳಿಜಾರು ಎಷ್ಟು, ಕಲ್ಲು ಇದೆಯೇ, ಯಾವ ಕಳೆ ಹೆಚ್ಚು, ವರ್ಷಕ್ಕೆ ಎಷ್ಟು ಸಲ ಕತ್ತರಿಸಬೇಕು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಬೇಕು.

(ಆ) ತಮ್ಮ ತೋಟದಲ್ಲೇ ಪರೀಕ್ಷೆ ಆಗಬೇಕು: ಅಂಗಡಿಯ ಮುಂದಿನ ಸಮ ನೆಲದಲ್ಲಿ ಓಡಿಸಿ ತೋರಿಸುವುದು ಪರೀಕ್ಷೆಯಲ್ಲ. ಪರೀಕ್ಷೆಗೆ ಒಪ್ಪದಿದ್ದರೆ, ಅದೇ ಯಂತ್ರವನ್ನು ಅಂಥದೇ ತೋಟದಲ್ಲಿ ಎರಡು ಮಳೆಗಾಲ ಬಳಸಿದ ರೈತರನ್ನು ಕಂಡು ವಿಚಾರಿಸಬೇಕು.

(ಇ) ಪರೀಕ್ಷಾ ವರದಿ ಕೇಳಬೇಕು: ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಇಂಥ ಸಂಸ್ಥೆಗಳು ಯಂತ್ರದ ಶಕ್ತಿ, ಇಂಧನ ಖರ್ಚು, ಸವೆತ, ಕಂಪನ ಮುಂತಾದವನ್ನು ಅಳೆದು ವರದಿ ಕೊಡುತ್ತವೆ. ಅಂಗಳಕ್ಕೆಂದು ಮಾರುವ ಯಂತ್ರಗಳಿಗೆ ಇಂಥ ವರದಿ ಇಲ್ಲದಿರಬಹುದು. ಹಾಗಿದ್ದರೆ ಅದನ್ನೇ ಒಂದು ಎಚ್ಚರಿಕೆಯೆಂದು ತಿಳಿಯಬೇಕು.

(ಈ) ಗ್ಯಾರಂಟಿ ಚೀಟಿಯನ್ನು ಓದಿಸಿ ಕೇಳಬೇಕು: ಮನೆಬಳಕೆಗೆ ಒಂದು ಅವಧಿ, ವ್ಯವಸಾಯ ಅಥವಾ ವ್ಯಾಪಾರದ ಬಳಕೆಗೆ ಇನ್ನೂ ಕಡಿಮೆ ಅವಧಿ ಎಂಬ ಷರತ್ತು ಇರುವುದುಂಟು. ಗಟ್ಟಿ ವಸ್ತುವಿಗೆ ಬಡಿದು ಬಾಗಿದ ಶಾಫ್ಟ್ ಸಾಮಾನ್ಯವಾಗಿ ಗ್ಯಾರಂಟಿಗೆ ಒಳಪಡುವುದಿಲ್ಲ.

(ಉ) ಬಿಡಿಭಾಗ ಮತ್ತು ರಿಪೇರಿ: ಅಲಗು, ಬೆಲ್ಟು, ಏರ್ ಫಿಲ್ಟರ್, ಪ್ಲಗ್ ಇವು ತಾಲ್ಲೂಕು ಕೇಂದ್ರದಲ್ಲಿ ಸಿಗುತ್ತವೆಯೇ ಎಂದು ಮೊದಲೇ ತಿಳಿಯಬೇಕು.

ಯಾವ ನೆಲಕ್ಕೆ ಯಾವ ಯಂತ್ರ?

ಸಮತಟ್ಟಾಗಿದ್ದು, ಕಲ್ಲು ಇಲ್ಲದೆ, ಎರಡು ಮೂರು ವಾರಕ್ಕೊಮ್ಮೆ ತಪ್ಪದೆ ಕತ್ತರಿಸುವ ಚಿಕ್ಕ ತೋಟಕ್ಕೆ ಲಾನ್ ಮೋವರ್ ಹೊಂದಬಹುದು. ಬದು, ಕಾಲುವೆ ಅಂಚು, ಕಲ್ಲು, ಪಾತಿಯ ಸುತ್ತ ಮತ್ತು ಬಲಿತ ಕಳೆಗೆ ಹೆಗಲಿಗೆ ಹಾಕಿಕೊಳ್ಳುವ ಬ್ರಷ್ ಕಟರ್ ಹೆಚ್ಚು ಉಪಯುಕ್ತ. ಸಾಲಿನ ನಡುವೆ ಮಣ್ಣು ಕೆದಕಿ ಎಳೆಯ ಕಳೆಯನ್ನು ಬೇರುಸಹಿತ ಕೀಳಬೇಕಾದಲ್ಲಿ ಪವರ್ ವೀಡರ್ ಬೇಕು. ಆದರೆ ಮರದ ಬುಡದಿಂದ 2 ಮೀಟರ್ ದೂರವಿರಬೇಕು. ಅಗಲ ಸಾಲಿನ ದೊಡ್ಡ ತೋಟಗಳಿಗೆ ಟ್ರಾಕ್ಟರಿಗೆ ಜೋಡಿಸುವ ಸ್ಲ್ಯಾಷರ್ ಸೂಕ್ತ. ಇವೆಲ್ಲಕ್ಕಿಂತ ಮೊದಲು, ಮುಂಗಾರಿನ ಆರಂಭದಲ್ಲಿ ಸಾಲಿನ ನಡುವೆ ಅಪ್ಸೆಣಬು ಅಥವಾ ಹುರುಳಿ ಬಿತ್ತಿ ನೆಲ ಮುಚ್ಚಿಸಿದರೆ ಕಳೆಯ ಒತ್ತಡವೇ ಕಡಿಮೆಯಾಗುತ್ತದೆ.

ಆಗಲೇ ಕೊಂಡವರು ಏನು ಮಾಡಬೇಕು?

ಕೊಟ್ಟಿಗೆ ಸೇರಿದ ಯಂತ್ರವನ್ನು ಗುಜರಿಗೆ ಹಾಕಬೇಕಾಗಿಲ್ಲ. ಬಾಗಿದ ಶಾಫ್ಟ್ ಮೊದಲಾದ ಪೆಟ್ಟುಗಳನ್ನು ಸರಿಪಡಿಸಿಕೊಂಡ ಮೇಲೆ ಈ ಕ್ರಮ ಅನುಸರಿಸಿದರೆ ಬಹುಮಟ್ಟಿನ ಉಪಯೋಗ ಪಡೆಯಬಹುದು.

ಕೆಲಸಕ್ಕೆ ಮೊದಲು ತೋಟದಲ್ಲಿ ನಡೆದು ಗರಿ, ಹೆಡೆಮಟ್ಟೆ, ಉದುರಿದ ಹರಳು, ಕಲ್ಲು, ಡ್ರಿಪ್ ಪೈಪುಗಳನ್ನು ತೆಗೆಯಬೇಕು. ಬಲಿತ ಹುಲ್ಲನ್ನು ಮೊದಲ ಸಲ ಬ್ರಷ್ ಕಟರಿನಿಂದಲೋ ಕುಡುಗೋಲಿನಿಂದಲೋ ಇಳಿಸಿ, ಆಮೇಲೆ ಎರಡು ಮೂರು ವಾರಕ್ಕೊಮ್ಮೆ ಈ ಯಂತ್ರ ಓಡಿಸಬೇಕು. ಎತ್ತರವನ್ನು ಮೇಲಿನ ಮಟ್ಟಕ್ಕೆ ಇಟ್ಟು, ಹುಲ್ಲು ದಟ್ಟವಾಗಿದ್ದರೆ ಅಲಗಿನ ಅರ್ಧ ಅಗಲ ಮಾತ್ರ ಕತ್ತರಿಸುತ್ತ ಹೋಗಬೇಕು. ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ಓಡಿಸದೆ ಅಡ್ಡಲಾಗಿ ಓಡಿಸಬೇಕು.

ಅಲಗನ್ನು ಮುಟ್ಟುವ ಮೊದಲು ಎಂಜಿನ್ ನಿಲ್ಲಿಸಿ, ಪ್ಲಗ್ಗಿನ ವೈರನ್ನು ಕಳಚಲೇಬೇಕು. ಯಂತ್ರವನ್ನು ವಾಲಿಸುವಾಗ ಏರ್ ಫಿಲ್ಟರ್ ಮೇಲ್ಮುಖವಾಗಿರಬೇಕು. ಇಲ್ಲದಿದ್ದರೆ ಅದಕ್ಕೆ ಎಣ್ಣೆ ಇಳಿಯುತ್ತದೆ. ಸಾಣೆ ಹಿಡಿದ ಮೇಲೆ ಅಲಗಿನ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ನೋಡಬೇಕು. ಒಂದು ತುದಿ ಕೆಳಗಿಳಿದರೆ ಆ ತುದಿ ಭಾರವೆಂದು ತಿಳಿದು, ಎರಡೂ ಸಮವಾಗುವವರೆಗೆ ಅದನ್ನು ಉಜ್ಜಬೇಕು. ಸಮತೋಲವಿಲ್ಲದ ಅಲಗು ಇಡೀ ಯಂತ್ರವನ್ನೇ ಸಡಿಲಗೊಳಿಸುತ್ತದೆ.

ಎಂಜಿನ್ ಎಣ್ಣೆಯನ್ನು ಕೈಪಿಡಿಯಲ್ಲಿ ಹೇಳಿದಂತೆ, ಸಾಮಾನ್ಯವಾಗಿ 50 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಬದಲಾಯಿಸಬೇಕು. ಮಳೆಗಾಲದ ಕೆಲಸ ಮುಗಿದ ಮೇಲೆ ಟ್ಯಾಂಕನ್ನು ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು.

ಅಪಾಯದ ಎಚ್ಚರಿಕೆ: ಅರ್ಧ ಮೀಟರ್ ಉದ್ದದ ಅಲಗು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 280 ಕಿಲೋಮೀಟರ್. ಅದು ಎಸೆಯುವ ಕಲ್ಲು ಕಣ್ಣು ಕಳೆಯಬಲ್ಲದು. ಮಕ್ಕಳು, ದನಕರುಗಳು ಹತ್ತಿರ ಸುಳಿಯಬಾರದು. ಬರಿಗಾಲಿನಲ್ಲಾಗಲಿ ಚಪ್ಪಲಿಯಲ್ಲಾಗಲಿ ಯಂತ್ರ ನಡೆಸಬಾರದು. ಗಟ್ಟಿ ಬೂಟು, ಕಣ್ಣಿಗೆ ಕನ್ನಡಕ ಇರಬೇಕು.

ಖರ್ಚಿನ ಲೆಕ್ಕ

ಉದಾಹರಣೆಗೆ ಯಂತ್ರದ ಬೆಲೆ 60,000 ರೂ., ಬಾಳಿಕೆ 8 ವರ್ಷ, ಕೊನೆಗೆ ಸಿಗುವ ಬೆಲೆ 6,000 ರೂ. ಎಂದುಕೊಂಡರೆ ವರ್ಷದ ಸವಕಳಿ 6,750 ರೂ. ಸರಾಸರಿ ಬಂಡವಾಳ 33,000 ರೂ.ಗೆ ಶೇಕಡಾ 10ರಂತೆ ಬಡ್ಡಿ 3,300 ರೂ. ಒಟ್ಟು 10,050 ರೂ. ಯಂತ್ರ ಓಡಲಿ ಬಿಡಲಿ, ಈ ಖರ್ಚು ತಪ್ಪದು.

ಮೂರು ಎಕರೆಯನ್ನು ವರ್ಷಕ್ಕೆ ಮೂರು ಸಲ ಕತ್ತರಿಸಿದರೆ ಒಟ್ಟು 9 ಎಕರೆಯ ಕೆಲಸ. ಎಕರೆಗೆ ಬೀಳುವ ಪಾಲು ಸುಮಾರು 1,117 ರೂ. ಇದಕ್ಕೆ 4 ಗಂಟೆಯ ಪೆಟ್ರೋಲು 400 ರೂ., ನಡೆಸುವವರ ಕೂಲಿ 400 ರೂ. ಸೇರಿಸಿದರೆ ರಿಪೇರಿ ಬಿಟ್ಟು ಎಕರೆಗೆ 1,917 ರೂ. ಆಗುತ್ತದೆ. ಇದೇ ಯಂತ್ರವನ್ನು ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಕೊಂಡು 36 ಎಕರೆಯ ಕೆಲಸ ಮಾಡಿಸಿದರೆ, ಹೆಚ್ಚು ಓಟದಿಂದ ಬಾಳಿಕೆ 5 ವರ್ಷಕ್ಕೆ ಇಳಿಯಿತೆಂದುಕೊಂಡರೂ, ಖರ್ಚು ಎಕರೆಗೆ ಸುಮಾರು 1,192 ರೂ. ಮಾತ್ರ. ಇವು ಲೆಕ್ಕದ ಕ್ರಮ ತೋರಿಸುವ ಅಂಕಿಗಳು. ರೈತರು ತಮ್ಮ ಊರಿನ ಬೆಲೆ, ಕೂಲಿಗಳನ್ನು ಹಾಕಿಕೊಂಡು, ಬಾಡಿಗೆ ದರದೊಡನೆ ಹೋಲಿಸಿ ನೋಡಬೇಕು. ನಮ್ಮ ರಾಜ್ಯದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಯಂತ್ರಗಳು ಬಾಡಿಗೆಗೆ ದೊರೆಯುತ್ತವೆ. 2014-15ರಲ್ಲಿ ಆರಂಭವಾದ ಕೃಷಿ ಯಾಂತ್ರೀಕರಣ ಉಪ ಅಭಿಯಾನದಡಿ ಯಾವ ಯಂತ್ರಕ್ಕೆ ಎಷ್ಟು ಸಹಾಯಧನವಿದೆ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು.

ಮೋಸ ಹೋದಾಗ

ತಪ್ಪು ಬಳಕೆಯಿಂದಾದ ಹಾನಿಗೆ ಮಾರಿದವರು ಹೊಣೆಯಲ್ಲ. ಆದರೆ ಯಂತ್ರದಲ್ಲೇ ದೋಷವಿದ್ದರೆ, ಅಥವಾ ಮೊಣಕಾಲೆತ್ತರದ ಕಳೆಯನ್ನೂ ಕತ್ತರಿಸುತ್ತದೆಂದು ಸುಳ್ಳು ಹೇಳಿ ಮಾರಿದ್ದರೆ, ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಪ್ರಕಾರ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಡಬಹುದು. ಸ್ವಂತ ದುಡಿಮೆಯಿಂದ ಜೀವನ ಸಾಗಿಸಲು ಕೊಂಡ ಯಂತ್ರಕ್ಕೂ ಈ ರಕ್ಷಣೆ ಇದೆ. ದೂರಿಗೆ ಕಾರಣ ಉಂಟಾದ ಎರಡು ವರ್ಷದೊಳಗೆ ಹೋಗಬೇಕು. ಮೊದಲ ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಇದಕ್ಕೆಲ್ಲ ಆಧಾರ ರಸೀದಿ. ಆದ್ದರಿಂದ "ಯಾವ ತೋಟಕ್ಕೆ, ಯಾವ ಕೆಲಸಕ್ಕೆ ಕೊಟ್ಟದ್ದು" ಎಂಬುದನ್ನು ರಸೀದಿಯ ಮೇಲೆಯೇ ಬರೆಸಿಕೊಂಡು ಸಹಿ ಪಡೆಯುವುದು ಜಾಣತನ.

ಉದಾಹರಣೆಯ ರೈತರ ಪ್ರಶ್ನೆಗೆ ಈಗ ಉತ್ತರ ಕೊಡಬಹುದು. ಅವರು ಕೊಂಡದ್ದು ಕೆಟ್ಟ ಯಂತ್ರವಲ್ಲ. ಅದು ಬೇರೆಯವರ ಅಂಗಳಕ್ಕೆ ಒಪ್ಪುವ ಯಂತ್ರ. ಬೆಲೆ ಯಂತ್ರದ ಗುಣವನ್ನು ಹೇಳೀತು, ತೋಟದ ಗುಣವನ್ನು ಹೇಳದು. ತೋಟದ ಗುಣ ಬಲ್ಲವರು ರೈತರೇ. ಆ ತಿಳಿವಳಿಕೆಯನ್ನು ಅಂಗಡಿಯ ಮೆಟ್ಟಿಲ ಕೆಳಗೆ ಬಿಟ್ಟು ಹೋಗದೆ ಜೊತೆಗೇ ಒಯ್ದರೆ, ಕೊಬ್ಬರಿ ಮಾರಿದ ಹಣ ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿಯುವುದು ತಪ್ಪುತ್ತದೆ.